ಜೊಂಡಿನ ಮರೆಯ ಹೂಂಕಾರ

ಬಕಗಳ ಕುಟುಂಬಕ್ಕೆ ಸೇರಿದ ಬಿಟರ್ನ್ ಎಂಬ ಹಕ್ಕಿ ಜೌಗು ನೆಲದ ಒತ್ತಾದ ಜೊಂಡಿನೊಳಗೆ ಬಾಳುತ್ತದೆ. ಅದರ ಕಂದು ಮೈಮೇಲಿನ ಕಪ್ಪು ಗೆರೆಗಳು ಒಣಗಿದ ಜೊಂಡಿನೊಡನೆ ಬೆರೆತುಹೋಗುವುದರಿಂದಲೂ, ಅಪಾಯ ಕಂಡಾಗ ಕೊಕ್ಕನ್ನು ಮೇಲಕ್ಕೆತ್ತಿ ನಿಶ್ಚಲವಾಗಿ ನಿಲ್ಲುವುದು ಅದರ ಸ್ವಭಾವವಾದುದರಿಂದಲೂ ಅದು ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ವಸಂತದಲ್ಲಿ ಗಂಡು ಹಕ್ಕಿಯ ಹೂಂಕಾರ ಹಲವು ಕಿಲೋಮೀಟರ್ ದೂರ ಕೇಳಿಸುತ್ತದೆ. ದನಿಯುಂಟು, ರೂಪವಿಲ್ಲ ಎಂಬ ಈ ಸ್ಥಿತಿಯಲ್ಲಿ ಯುರೋಪಿನ ಪ್ರಕೃತಿ ಗ್ರಂಥಗಳು ಬಹುಕಾಲ ಊಹೆಯನ್ನೇ ನೆಚ್ಚಿಕೊಂಡವು: ಹಕ್ಕಿ ಟೊಳ್ಳು ಜೊಂಡಿನೊಳಗೆ ಕೊಕ್ಕಿಟ್ಟು ಊದುತ್ತದೆಂದು ಜನ ನಂಬಿದರೆ, ನೀರಿಗೋ ಕೆಸರಿಗೋ ಕೊಕ್ಕನ್ನು ಅದ್ದಿ ಕೂಗುತ್ತದೆಂದು ಹದಿನಾರನೆಯ ಶತಮಾನದ ಬೆಲೋನ್, ಆಲ್ಡ್ರೊವಾಂಡಿಯಂಥ ವಿದ್ವಾಂಸರು ತಿಳಿದಿದ್ದರು.

ಈ ನಂಬಿಕೆಯನ್ನು ಒರೆಗೆ ಹಚ್ಚಿದವನು ಇಂಗ್ಲೆಂಡಿನ ನಾರಿಚ್ ಪಟ್ಟಣದ ವೈದ್ಯ ಥಾಮಸ್ ಬ್ರೌನ್. ಜನಜನಿತವಾದ ತಪ್ಪು ತಿಳಿವಳಿಕೆಗಳನ್ನು ಪರಿಶೀಲಿಸಲೆಂದೇ 1646ರಲ್ಲಿ ಅವನು ಮೊದಲು ಪ್ರಕಟಿಸಿದ ಗ್ರಂಥದಲ್ಲಿ, ಎಷ್ಟು ವಿಚಾರಿಸಿದರೂ ಹಕ್ಕಿ ಹಾಗೆ ಕೂಗುವುದನ್ನು ತಾನು ಕಾಣಲಾಗಲಿಲ್ಲವೆಂದು ಒಪ್ಪಿಕೊಂಡು, ತನ್ನ ಕೋರಿಕೆಯಂತೆ ಗಮನಿಸಿದವರ ಮಾತನ್ನು ದಾಖಲಿಸುತ್ತಾನೆ: ಹಕ್ಕಿ ಜೊಂಡು, ನೀರು ಎರಡರಿಂದಲೂ ದೂರ ದಡದ ಮೇಲೆ ನಿಂತು, ಕುತ್ತಿಗೆ ಉಬ್ಬುವಷ್ಟು ಗಾಳಿಯನ್ನು ಒಳಗೆಳೆದು ರಭಸದಿಂದ ಹೊರಬಿಡುತ್ತದೆ. ಅಷ್ಟಕ್ಕೇ ನಿಲ್ಲದೆ ಅವನು ಕಾರಣವನ್ನು ಹಕ್ಕಿಯ ಶ್ವಾಸನಾಳದ ರಚನೆಯಲ್ಲಿ ಹುಡುಕಿದನು. ಗಂಡು ಹಕ್ಕಿಯ ಅನ್ನನಾಳವೇ ಉಬ್ಬಿ ದನಿಯನ್ನು ಹಿಗ್ಗಿಸುತ್ತದೆಂಬುದು ಇಂದಿನ ತಿಳಿವಳಿಕೆಯಾದುದರಿಂದ ಅವನ ವಿವರಣೆ ಪೂರ್ತಿ ಸರಿಯಲ್ಲ. ಆದರೂ ಉತ್ತರವನ್ನು ಕೆಸರಿನಲ್ಲಲ್ಲ, ಹಕ್ಕಿಯ ದೇಹದಲ್ಲೇ ಅರಸಬೇಕೆಂದು ಕಂಡುಕೊಂಡದ್ದು ಅವನ ನಿಜವಾದ ಹಿರಿಮೆ. ಇತ್ತ ಜನರ ಭಯ ಮಾತ್ರ ಕರಗಲಿಲ್ಲ: ಈ ಕೂಗು ಕೇಡಿನ ಮುನ್ಸೂಚನೆಯೆಂದು ತನ್ನ ಬಾಲ್ಯದ ಊರು ನಡುಗುತ್ತಿದ್ದುದನ್ನು ಲೇಖಕ ಆಲಿವರ್ ಗೋಲ್ಡ್‌ಸ್ಮಿತ್ 1774ರ ತನ್ನ ಪ್ರಾಣಿಚರಿತ್ರೆಯಲ್ಲಿ ನೆನೆದಿದ್ದಾನೆ.

ಬೇಸಾಯಕ್ಕಾಗಿ ಜೌಗು ನೆಲಗಳ ನೀರನ್ನು ಬಸಿದು ಹರಿಸಿದ್ದರಿಂದಲೂ, ಬೇಟೆಯಿಂದಲೂ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಬಿಟರ್ನ್ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದು ನಿಂತುಹೋಯಿತು. ಅದು ಮತ್ತೆ ಗೂಡು ಕಟ್ಟಿದ್ದಕ್ಕೆ ಸಾಕ್ಷಿಯಾಗಿ, 1911ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನ ಜೊಂಡುಗಳಲ್ಲಿ ಪಕ್ಷಿವೀಕ್ಷಕರಾದ ಎಮ್ಮಾ ಟರ್ನರ್ ಮತ್ತು ಜಿಮ್ ವಿನ್ಸೆಂಟ್ ಮರಿಯೊಂದನ್ನು ಕಂಡುಹಿಡಿದರು. ಟರ್ನರ್ ಅದರ ಛಾಯಾಚಿತ್ರ ತೆಗೆದಳು. ಕೇಳಿದ ಮಾತನ್ನೇ ನಂಬಿ ಬರೆಯುತ್ತಿದ್ದ ಒಂದು ಪರಂಪರೆಗೆ ಕಣ್ಣಾರೆ ಕಂಡ ಈ ಸಾಕ್ಷ್ಯ ಎಷ್ಟು ದೊಡ್ಡ ತಿರುವೆಂಬುದನ್ನು ಇತಿಹಾಸಕಾರರು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಆದರೂ ಹಕ್ಕಿಗಳ ಎಣಿಕೆಗೆ ಇಂದಿಗೂ ಆಧಾರ ಗಂಡುಗಳ ಹೂಂಕಾರವೇ. 1997ರಲ್ಲಿ ಬ್ರಿಟನ್ನಿನಲ್ಲಿ ಕೇವಲ 11 ಗಂಡುಗಳ ದನಿ ಸಿಕ್ಕಿತ್ತು, ಜೊಂಡು ನೆಲಗಳನ್ನು ಮರಳಿ ಬೆಳೆಸಿದ ಮೇಲೆ ಆ ಸಂಖ್ಯೆ 200ನ್ನು ದಾಟಿದೆ.