ಕೊಳ್ಳೆಯ ಪಟ್ಟಿ ಮತ್ತು ಒಡೆತನದ ಪ್ರಶ್ನೆ

ಬಾಬಿಲೋನಿನಿಂದ ಜೆರುಸಲೇಮಿಗೆ ಮರಳಿದ ಪಾತ್ರೆಗಳ ಪಟ್ಟಿಯನ್ನು ಎಜ್ರನ ಗ್ರಂಥದ ಮೊದಲ ಅಧ್ಯಾಯದಲ್ಲಿ ಓದುವಾಗ ನಾವು ಸಾಮಾನ್ಯವಾಗಿ ಬೇಗನೆ ಮುಂದೆ ಸಾಗುತ್ತೇವೆ. ಚರಿತ್ರೆಯ ವಿದ್ಯಾರ್ಥಿಗೆ ಅದು ಅಮೂಲ್ಯ ದಾಖಲೆ. ನೆಬೂಕದ್ನೆಚ್ಚರನು ಮಹಾದೇವಾಲಯದಿಂದ ಕೊಳ್ಳೆಹೊಡೆದಿದ್ದ ವಸ್ತುಗಳನ್ನು ಸೈರಸ್ ಅರಸನ ಖಜಾಂಚಿ ಮಿತ್ರದಾತನು ಎಣಿಸಿ ಶೆಷ್ಬಚ್ಚರನಿಗೆ ಒಪ್ಪಿಸಿದನು. ಹೀಬ್ರೂ ಪಾಠದಲ್ಲಿ ಬಿಡಿಬಿಡಿಯಾಗಿ ಹೇಳಿದ ಪಾತ್ರೆಗಳನ್ನು ಕೂಡಿದರೆ 2,499. ಆದರೆ ಅಲ್ಲಿ ಕೊಟ್ಟಿರುವ ಮೊತ್ತ 5,400. ಪಟ್ಟಿಯನ್ನು ಗೌರವಿಸಬೇಕು, ಪ್ರಶ್ನಿಸಲೂ ಬೇಕು.

ನಾವಿರುವ ನಜರ್‌ಬಾದಿನಿಂದ ಶ್ರೀರಂಗಪಟ್ಟಣ ದೂರವಿಲ್ಲ. 1799ರ ಮೇ 4ರಂದು ಆ ಕೋಟೆ ಬಿದ್ದ ಬಳಿಕ ವಿಜಯೀ ಸೈನ್ಯದ ಅಧಿಕಾರಿಗಳ ಸಮಿತಿಯೊಂದು ಅರಮನೆಯ ಸಂಪತ್ತಿಗೆ ಬೆಲೆಕಟ್ಟಿ ಹಂಚಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡರಿಸಲಾಯಿತು. ಅದರ ಹುಲಿಮುಖ ಮತ್ತು ರತ್ನಖಚಿತ ಹುಮಾ ಪಕ್ಷಿ ಇಂದು ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿವೆ. ಗ್ರಂಥಭಂಡಾರದ ವಿವರಣಾತ್ಮಕ ಸೂಚಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದನು. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹರಾಜಾದ ಖಡ್ಗದ ಮೇಲೆ, ಸೈನ್ಯವು ಅದನ್ನು ಜನರಲ್ ಬೇರ್ಡನಿಗೆ ಅರ್ಪಿಸಿತೆಂಬ ಬರಹವೇ ಇದೆ. ವಸ್ತು ಕೈಬದಲಾದುದನ್ನು ಈ ದಾಖಲೆಗಳು ಮರೆಮಾಚುವುದಿಲ್ಲ. 'ಬಹುಮಾನ', 'ಅರ್ಪಣೆ' ಎಂಬ ಪದಗಳಿಂದ ಕೊಳ್ಳೆಯನ್ನು ಹಕ್ಕಾಗಿಸುತ್ತವೆ.

ಹಾಗೆಂದು ಹುಡುಕಾಟ ಟಿಪ್ಪುವಿನ ಅರಮನೆಯ ಬಾಗಿಲಲ್ಲೇ ನಿಲ್ಲಲಾಗದು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಅವರ ಆಸ್ತಿ ಮುಟ್ಟುಗೋಲಾಯಿತು, ಚರ್ಚುಗಳು ನೆಲಸಮವಾದವು. ಒಡೆತನದ ಸರಪಣಿಯಲ್ಲಿ ಹಿಂದಿನ ಕೊಂಡಿಯನ್ನೂ ಕೇಳಬೇಕು. ಆದರೆ ನಮ್ಮವರ ಗಾಯವನ್ನು ಮುಂದಿಟ್ಟು 1799ರ ಕೊಳ್ಳೆಯನ್ನು ನ್ಯಾಯವೆನ್ನುವ ಪ್ರಲೋಭನೆಗೆ ನಾವು ಒಳಗಾಗಬಾರದು. ಒಂದು ಅನ್ಯಾಯ ಮತ್ತೊಂದಕ್ಕೆ ಹಕ್ಕುಪತ್ರವಲ್ಲ.

ನಜರ್‌ಬಾದಿನ ನೆಲವೇ ಇದಕ್ಕೆ ಸಾಕ್ಷಿ. ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿದ ಟಿಪ್ಪು ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆ ಕಟ್ಟಿಸಲು ತೊಡಗಿದನು. ಅವನ ಪತನಾನಂತರ ಅದೇ ಕಲ್ಲುಗಳು ಮೈಸೂರು ಕೋಟೆಗೆ ಮರಳಿದವು. ಅವು ಎಲ್ಲಿಂದ ಬಂದವೆಂಬುದು ಜನರಿಗೆ ತಿಳಿದಿತ್ತು. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಪ್ರಭುವಿಗೆ ಮಾತುಕೊಟ್ಟನು. ಯಾರಿಂದ ಕಸಿದುಕೊಂಡೆವೆಂಬುದನ್ನು ಅರಿಯದೆ ಹಿಂದಿರುಗಿಸುವುದಾದರೂ ಯಾರಿಗೆ? ಪತ್ರಾಗಾರದ ಧೂಳಿನಲ್ಲಿ ಆ ಹೆಸರನ್ನು ಅರಸುವ ಕೆಲಸವೂ ಪ್ರಾಯಶ್ಚಿತ್ತದ ಒಂದು ಅಂಗವೆಂದು ನಾವು ನಂಬುತ್ತೇವೆ.