ಲಾರಿಗೂ ಒಂದು ಲಾಯ ಬೇಕು

ಹೊಸ ಡೀಸೆಲ್ ಲಾರಿ ಕೊಂಡವರು ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಟ್ಯಾಂಕು ತುಂಬಿಸಿದರೆ ಆಯಿತು. ಮರುದಿನವೇ ಬಾಡಿಗೆಗೆ ಹೊರಡಬಹುದು. ವಿದ್ಯುತ್ ಲಾರಿ ಕೊಂಡವರಿಗೆ ಈ ಸುಖವಿಲ್ಲ. ಅದನ್ನು ರಾತ್ರಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಕಿಲೋವಾಟ್ ಸಂಪರ್ಕ ಪಡೆಯಬೇಕು, ಪ್ಲಗ್ ಚುಚ್ಚುವವರು ಯಾರು, ಬೆಳಗಾಗುವುದರೊಳಗೆ ಬ್ಯಾಟರಿ ತುಂಬೀತೇ ಎಂಬ ಪ್ರಶ್ನೆಗಳು ಲಾರಿಗಿಂತ ಮೊದಲೇ ಮನೆಗೆ ಬರುತ್ತವೆ. ಇವು ಈ ಕಾಲದ ಪ್ರಶ್ನೆಗಳೆಂದು ನಮಗೆ ತೋರುವುದು ಸಹಜ. ಆದರೆ ನೂರು ವರ್ಷಗಳಿಗೂ ಹಿಂದೆಯೇ ಅಮೆರಿಕದ ನಗರಗಳ ವರ್ತಕರು ಇವೇ ಪ್ರಶ್ನೆಗಳನ್ನು ಎದುರಿಸಿದ್ದರು. ಕೆಲವರು ಉತ್ತರ ಕಂಡುಕೊಂಡರು, ಹಲವರು ಕೈಚೆಲ್ಲಿದರು. ಏಕೆ ಎಂದು ತಿಳಿಯುವುದು ಇಂದು ನಮಗೂ ಉಪಯುಕ್ತ.

1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಮೋಟಾರು ವಾಹನಗಳಲ್ಲಿ 1,681 ಉಗಿಯಿಂದಲೂ 1,575 ವಿದ್ಯುತ್ತಿನಿಂದಲೂ ಓಡುತ್ತಿದ್ದವು. ಪೆಟ್ರೋಲ್ ಗಾಡಿಗಳು 936 ಮಾತ್ರ. ಮುಂದಿನ ಹತ್ತು ವರ್ಷಗಳಲ್ಲಿ ಕಾರುಗಳ ಪೈಪೋಟಿಯಲ್ಲಿ ಪೆಟ್ರೋಲ್ ಮುಂದೆ ಹೋಯಿತಾದರೂ ಸರಕು ಸಾಗಣೆಯಲ್ಲಿ ವಿದ್ಯುತ್ತಿನ ಆಸೆ ಇನ್ನೂ ಬತ್ತಿರಲಿಲ್ಲ. ಅಲ್ಲಿ ಅದು ಸೆಣಸಬೇಕಾಗಿದ್ದುದು ಮುಖ್ಯವಾಗಿ ಕುದುರೆಯೊಡನೆ. ಬ್ರೆಡ್ ತಯಾರಕರು, ದೊಡ್ಡ ಅಂಗಡಿಗಳು, ಪಾರ್ಸೆಲ್ ಕಂಪನಿಗಳು ದಿನವೂ ಅದೇ ಬೀದಿಗಳಲ್ಲಿ ಅದೇ ಮನೆಗಳ ಮುಂದೆ ನಿಂತು ಹೊರಡುವ ಬಂಡಿಗಳನ್ನು ನಡೆಸುತ್ತಿದ್ದರು. ಗಂಟೆಗೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡುವ, ನಿಂತಾಗ ಇಂಧನ ಸುಡದ, ಸದ್ದು ಮಾಡದ ವಿದ್ಯುತ್ ಲಾರಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಆದರೆ ಕುದುರೆಗೆ ಲಾಯ ಬೇಕಾದಂತೆ ಈ ಲಾರಿಗೂ ಒಂದು ನೆಲೆ ಬೇಕಾಗಿತ್ತು. ಫ್ರಾನ್ಸಿನ ಗಸ್ತೋನ್ ಪ್ಲಾಂತೆ 1859ರಲ್ಲಿ ರೂಪಿಸಿದ, ಕಮೀಯ್ ಫೋರ್ 1881ರಲ್ಲಿ ಸುಧಾರಿಸಿದ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯೇ ಇದರ ಜೀವ. ನಗರದ ವಿದ್ಯುತ್ ಜಾಲ ಕೊಡುತ್ತಿದ್ದುದು ಸಾಮಾನ್ಯವಾಗಿ 110 ವೋಲ್ಟ್. ಸೀಸದ ಒಂದು ಕೋಶವನ್ನು ಪೂರ್ತಿ ತುಂಬಿಸಲು ಕೊನೆಯಲ್ಲಿ ಎರಡೂವರೆ ವೋಲ್ಟ್ ಬೇಕು. 110ನ್ನು ಎರಡೂವರೆಯಿಂದ ಭಾಗಿಸಿದರೆ 44. ಆದ್ದರಿಂದಲೇ ಆ ಕಾಲದ ಅನೇಕ ಲಾರಿಗಳಲ್ಲಿ 44ರ ಆಸುಪಾಸಿನ ಕೋಶಗಳಿರುತ್ತಿದ್ದವು. ಲಾರಿಯ ಹೊಟ್ಟೆಯ ಅಳತೆಯನ್ನು ಗೋಡೆಯ ಪ್ಲಗ್ಗು ನಿರ್ಧರಿಸಿತ್ತು!

ಮುಂದಿನ ತೊಡಕು ವಿದ್ಯುತ್ತಿನ ಬಗೆಯದು. ಬ್ಯಾಟರಿ ಸ್ವೀಕರಿಸುವುದು ಒಂದೇ ದಿಕ್ಕಿನಲ್ಲಿ ಹರಿಯುವ ಡಿ.ಸಿ. ವಿದ್ಯುತ್ತನ್ನು. ಎಡಿಸನ್ ಪದ್ಧತಿಯ ಡಿ.ಸಿ. ಜಾಲವಿದ್ದ ನಗರ ಮಧ್ಯದಲ್ಲಿ ತಂತಿಯನ್ನು ಹೆಚ್ಚುಕಡಿಮೆ ನೇರವಾಗಿ ಜೋಡಿಸಬಹುದಿತ್ತು. ಎ.ಸಿ. ಮಾತ್ರ ದೊರೆಯುತ್ತಿದ್ದ ಬಡಾವಣೆಗಳಲ್ಲಿ ಅದನ್ನು ಡಿ.ಸಿ.ಗೆ ತಿರುಗಿಸುವ ಯಂತ್ರವೂ ಬೇಕಾಗುತ್ತಿತ್ತು. ಪೀಟರ್ ಕೂಪರ್ ಹೆವಿಟ್ 1902ರಲ್ಲಿ ಕಂಡುಹಿಡಿದ ಪಾದರಸದ ರೆಕ್ಟಿಫೈಯರ್ ಈ ಕೊರತೆ ನೀಗಿತು. ದೊಡ್ಡ ಗಾಜಿನ ಬುರುಡೆಯೊಳಗೆ ಪಾದರಸದ ಆವಿ ನೀಲಿನೇರಳೆ ಬೆಳಕು ಚೆಲ್ಲುತ್ತ ಇಡೀ ರಾತ್ರಿ ಲಾರಿಗೆ ಊಟ ಬಡಿಸುತ್ತಿತ್ತು.

ಈ ಊಟ ಬಡಿಸುವುದೂ ಒಂದು ಕಸುಬೇ. ಬ್ಯಾಟರಿ ಖಾಲಿಯಿರುವಾಗ ಹೆಚ್ಚು ವಿದ್ಯುತ್ತನ್ನು ಸಲೀಸಾಗಿ ಹೀರಿಕೊಳ್ಳುತ್ತದೆ. ತುಂಬುತ್ತ ಬಂದಂತೆ ಆಮ್ಲದಲ್ಲಿ ಗುಳ್ಳೆಗಳೇಳುತ್ತವೆ. ಆಗ ಹಾಲು ಉಕ್ಕುವ ಮೊದಲು ಉರಿ ತಗ್ಗಿಸುವಂತೆ ವಿದ್ಯುತ್ತಿನ ಹರಿವನ್ನು ತಗ್ಗಿಸಬೇಕು. ತಗ್ಗಿಸದಿದ್ದರೆ ಬ್ಯಾಟರಿ ಕಾದು ಫಲಕಗಳು ಹಾಳಾಗುತ್ತವೆ. ಹೊರಬರುವ ಜಲಜನಕ ಕಿಡಿ ತಾಗಿದರೆ ಸಿಡಿಯುವಂಥದ್ದು. ಆದ್ದರಿಂದ ಕೊಠಡಿಯಲ್ಲಿ ಗಾಳಿಯಾಡಬೇಕು. ಕಡಿಮೆಯಾದ ನೀರಿನ ಜಾಗಕ್ಕೆ ಬಟ್ಟಿ ಇಳಿಸಿದ ನೀರು ಹಾಕಬೇಕು, ಆಮ್ಲದ ಸಾಂದ್ರತೆ ಅಳೆದು ಬರೆದಿಡಬೇಕು. ಮಧ್ಯಾಹ್ನ ಚಾಲಕ ಊಟಕ್ಕೆ ಕುಳಿತಾಗ ಲಾರಿಗೂ ಸ್ವಲ್ಪ ವಿದ್ಯುತ್ ಕೊಟ್ಟು ಸಂಜೆಯ ಓಟಕ್ಕೆ ಸಜ್ಜುಗೊಳಿಸುವ ಪದ್ಧತಿಯೂ ಇತ್ತು.

ಇಷ್ಟೆಲ್ಲ ಮಾಡಬಲ್ಲವರು ಯಾರು? ಹತ್ತಾರು ಲಾರಿ ಇಟ್ಟುಕೊಂಡು, ಸ್ವಂತ ಗ್ಯಾರೇಜು ಕಟ್ಟಿಸಿ, ಬ್ಯಾಟರಿ ನೋಡಿಕೊಳ್ಳಲೆಂದೇ ಆಳುಗಳನ್ನು ನೇಮಿಸಬಲ್ಲ ದೊಡ್ಡ ಸಂಸ್ಥೆಗಳು. ಫಿಲಡೆಲ್ಫಿಯಾದ ಕರ್ಟಿಸ್ ಪಬ್ಲಿಷಿಂಗ್ ಕಂಪನಿ 1910ರ ದಶಕದ ಆರಂಭದಲ್ಲಿ ಪತ್ರಿಕೆ ಮತ್ತು ಕಾಗದ ಸಾಗಿಸಲು ವಿದ್ಯುತ್ ಲಾರಿಗಳನ್ನು ಕೊಂಡಿತು. ಅವುಗಳಲ್ಲಿ ಕೆಲವು 1960ರ ದಶಕದವರೆಗೂ ದುಡಿದವು. ಐವತ್ತು ವರ್ಷ ಬಾಳಿದ ಲಾರಿಯನ್ನು ಕೆಟ್ಟ ಯಂತ್ರವೆನ್ನಲು ಬರುವುದಿಲ್ಲ. ಒಂದೋ ಎರಡೋ ಬಂಡಿಗಳಿದ್ದ ಸಣ್ಣ ವರ್ತಕನಿಗೆ ಮಾತ್ರ ಅದೇ ಯಂತ್ರ ಕೈಗೆಟುಕಲಿಲ್ಲ. ಅವನಿಗೆ ಲಾರಿಯ ಬೆಲೆಗಿಂತ ಅದರ ಲಾಯದ ಬೆಲೆ ಭಾರವಾಗಿತ್ತು.

ಈ ಸಣ್ಣವನ ಕಷ್ಟಕ್ಕೆ ಒಂದು ಜಾಣ ಉತ್ತರ ಹೊರಟಿದ್ದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಿಂದ. ಅಲ್ಲಿನ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ 1910ರ ದಶಕದಲ್ಲಿ ಜನರಲ್ ವೆಹಿಕಲ್ ಕಂಪನಿಯ ಲಾರಿಗಳಿಗೆ ಬ್ಯಾಟರಿ ಸೇವೆಯೊಂದನ್ನು ನಡೆಸಿತು. ಗಿರಾಕಿ ಕೊಳ್ಳಬೇಕಾದದ್ದು ಬ್ಯಾಟರಿಯಿಲ್ಲದ ಲಾರಿಯನ್ನಷ್ಟೇ. ಬ್ಯಾಟರಿ ವಿದ್ಯುತ್ ಕಂಪನಿಯದು. ಖಾಲಿಯಾದಾಗ ಅವರ ನಿಲ್ದಾಣಕ್ಕೆ ಹೋದರೆ ಅದನ್ನು ಬೇಗನೆ ತೆಗೆದು ತುಂಬಿದ ಇನ್ನೊಂದನ್ನು ಕೂರಿಸುತ್ತಿದ್ದರು. ಓಡಿದ ಮೈಲಿಗೆ ಇಷ್ಟು, ನಿರ್ವಹಣೆಗೆ ಮತ್ತು ಲಾರಿ ನಿಲ್ಲಿಸಲು ತಿಂಗಳಿಗೆ ಇಷ್ಟು ಎಂದು ಹಣ ಕಟ್ಟಿದರೆ ಮುಗಿಯಿತು. ಆಮ್ಲ, ಗುಳ್ಳೆ, ಬಟ್ಟಿ ನೀರಿನ ತಲೆನೋವು ಮಾಲೀಕನಿಗಿಲ್ಲ. ವಿದ್ಯುತ್ ಕಂಪನಿಗೂ ಇದರಿಂದ ಲಾಭವಿತ್ತು. ದೀಪಗಳು ಆರಿದ ಮೇಲೆ ಕೆಲಸವಿಲ್ಲದೆ ನಿಲ್ಲುವ ಜನರೇಟರುಗಳಿಗೆ ರಾತ್ರಿಯ ಗಿರಾಕಿ ದೊರೆತಂತಾಯಿತು. 1924ರ ಹೊತ್ತಿಗೆ ಈ ಸೇವೆಯಡಿ ಲಾರಿಗಳು 60 ಲಕ್ಷ ಮೈಲಿಗೂ ಹೆಚ್ಚು ದೂರ ಓಡಿದ್ದವು.

ಇಂಥ ಏರ್ಪಾಡು ಊರೂರಿಗೆ ಹಬ್ಬಲಿಲ್ಲ. ಅಷ್ಟರಲ್ಲಿ ಪೆಟ್ರೋಲ್ ವಾಹನದ ನಸೀಬು ತೆರೆದಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂದು, ಹಿಡಿಕೆ ತಿರುಗಿಸಿ ಇಂಜಿನ್ ಹೊತ್ತಿಸುವ ಕಷ್ಟ ತಪ್ಪುವ ದಾರಿ ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಸೈನ್ಯಗಳಿಗೆ ಬೇಕಾದದ್ದು ತಂತಿಯಿಲ್ಲದ ಕಡೆಯೂ ಡಬ್ಬದಲ್ಲಿ ಇಂಧನ ಹೊತ್ತು ಓಡುವ ಲಾರಿ. ಯುದ್ಧ ಮುಗಿದಾಗ ಅಂಥ ಲಾರಿಗಳೂ ಅವನ್ನು ನಡೆಸಬಲ್ಲ ಚಾಲಕರೂ ಸಾವಿರಾರು ಸಂಖ್ಯೆಯಲ್ಲಿ ಸಿದ್ಧರಿದ್ದರು. ಊರಿಂದೂರಿಗೆ ರಸ್ತೆಗಳು ಸುಧಾರಿಸಿದವು. ಪೆಟ್ರೋಲನ್ನು ಯಾವ ಅಂಗಡಿಯವನೂ ಮಾರಬಹುದಿತ್ತು. ವಿದ್ಯುತ್ ಲಾರಿ ಮಾತ್ರ ರಾತ್ರಿಯಾದರೆ ತನ್ನ ಲಾಯಕ್ಕೇ ಹಿಂದಿರುಗಬೇಕಾಗಿತ್ತು.

ಲಾಯವಿದ್ದ ಕಡೆ ಅದು ಉಳಿದೇ ಉಳಿಯಿತು. ಇಂಗ್ಲೆಂಡಿನಲ್ಲಿ ಮನೆಮನೆಗೆ ಹಾಲು ಹಾಕುವ ಬ್ಯಾಟರಿ ಗಾಡಿಗಳು 1930ರ ದಶಕದಿಂದ ಹೆಚ್ಚತೊಡಗಿದವು. ಮುಂಜಾನೆ ಸದ್ದಿಲ್ಲದೆ ಹೊರಟು, ನಿಗದಿಯಾದ ಬೀದಿಗಳನ್ನು ಮುಗಿಸಿ, ಡಿಪೋಗೆ ಮರಳಿ ಮರುದಿನದವರೆಗೆ ತಂತಿಗೆ ಅಂಟಿ ನಿಲ್ಲುತ್ತಿದ್ದವು. ಉಳಿದೆಲ್ಲ ದೇಶಗಳಲ್ಲಿ ಓಡುವುದಕ್ಕಿಂತ ಹೆಚ್ಚು ಬ್ಯಾಟರಿ ವಾಹನಗಳು ಬ್ರಿಟನ್ನಿನ ರಸ್ತೆಗಳಲ್ಲೇ ಇವೆಯೆಂದು 1967ರಲ್ಲಿ ಅಲ್ಲಿನ ವಿದ್ಯುತ್ ವಾಹನ ಸಂಘ ಹೇಳಿಕೊಂಡಿತ್ತು. ಅದಕ್ಕೆ ಬಹುಮಟ್ಟಿಗೆ ಈ ಹಾಲಿನ ಗಾಡಿಗಳೇ ಕಾರಣ.

ಈಗ ನಮ್ಮ ಕಾಲಕ್ಕೆ ಬರೋಣ. ಸೀಸದ ಜಾಗಕ್ಕೆ ಲಿಥಿಯಂ ಬಂದಿದೆ, ಬಟ್ಟಿ ನೀರು ಹಾಕುವ ಕೆಲಸ ತಪ್ಪಿದೆ. ಆದರೆ ಮೂಲ ಪಾಠ ಬದಲಾಗಿಲ್ಲ. ಇಂದೂ ಬ್ಯಾಟರಿಗೆ ಬೇಕಾದದ್ದು ಡಿ.ಸಿ.; ಪಾದರಸದ ಬುರುಡೆಯ ಕೆಲಸವನ್ನು ಅರೆವಾಹಕಗಳು ಮಾಡುತ್ತಿವೆ, ಅಷ್ಟೇ. ವೇಗದ ಚಾರ್ಜರಿನಲ್ಲಿ ಶೇ 80ರ ನಂತರ ತುಂಬುವ ವೇಗ ಇಳಿಯುವುದು ಅದೇ ಉಕ್ಕುವ ಹಾಲಿನ ನಿಯಮದಿಂದ.

ಲೆಕ್ಕ ನೋಡಿ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿಗೆ ಮನೆಯ 15 ಆಂಪಿಯರ್ ಪ್ಲಗ್ ಸಾಕಾಗಿತ್ತು. ಭಾರೀ ಲಾರಿಯೊಂದರಲ್ಲಿ 250 ಯೂನಿಟ್ ಹಿಡಿಯುವ ಬ್ಯಾಟರಿಯಿದೆ ಎನ್ನೋಣ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಇಡೀ ತಿಂಗಳಿಗಿರುವ ಮಿತಿಯೇ 200 ಯೂನಿಟ್! ಈ ಲಾರಿಯನ್ನು ಅದೇ 15 ಆಂಪಿಯರ್ ಪ್ಲಗ್ಗಿಗೆ ಚುಚ್ಚಿದರೆ ತುಂಬಲು ಮೂರು ಹಗಲು ಮೂರು ರಾತ್ರಿ ಬೇಕು. 240 ಕಿಲೋವಾಟ್ ಚಾರ್ಜರಾದರೆ ಒಂದೂವರೆ ಗಂಟೆಯೊಳಗೆ ಮುಗಿದೀತು. ಆದರೆ ಅದನ್ನು ಹಾಕಿಸುವವರು ಮೊದಲು ಟ್ರಾನ್ಸ್‌ಫಾರ್ಮರಿನ ಚಿಂತೆ ಮಾಡಬೇಕು. ಆದ್ದರಿಂದ ವಿದ್ಯುತ್ ಲಾರಿ ಕೊಳ್ಳುವವರು ಮೊದಲು ಬರೆದುಕೊಳ್ಳಬೇಕಾದದ್ದು ದಿನಕ್ಕೆ ಎಷ್ಟು ಕಿಲೋಮೀಟರ್ ಓಟ, ರಾತ್ರಿ ಎಷ್ಟು ಗಂಟೆ ನಿಲುಗಡೆ, ಆ ನಿಲ್ದಾಣಕ್ಕೆ ಎಷ್ಟು ವಿದ್ಯುತ್ ಬರುತ್ತದೆ ಎಂಬ ಮೂರು ಅಂಕಿಗಳನ್ನು. ಲಾರಿಯ ಆಯ್ಕೆ ಆಮೇಲಿನದು.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪಿ.ಎಂ. ಇ-ಡ್ರೈವ್ ಯೋಜನೆಯಡಿ ವಿದ್ಯುತ್ ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿತು. ಸುಮಾರು 5,600 ಲಾರಿಗಳಿಗೆ ಇದು ದೊರೆಯಬೇಕೆಂಬುದು ಉದ್ದೇಶ. ಒಳ್ಳೆಯ ಹೆಜ್ಜೆಯೇ. ಸಿಮೆಂಟ್, ಉಕ್ಕು, ಬಂದರುಗಳ ದೊಡ್ಡ ಸಂಸ್ಥೆಗಳಿಗೆ ಸ್ವಂತ ಅಂಗಳವಿದೆ, ನಿಗದಿತ ದಾರಿಯಿದೆ. ಅವು ಇಂದಿನ ಕರ್ಟಿಸ್ ಕಂಪನಿಗಳು. ಆದರೆ ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು, ಹೆಚ್ಚೆಂದರೆ ನಾಲ್ಕೈದು ಲಾರಿಗಳಿರುವ ಸಣ್ಣ ಮಾಲೀಕರವು. ಸಾಲ ಮಾಡಿ ಕೊಂಡ ಲಾರಿಯನ್ನು ರಸ್ತೆಬದಿಯಲ್ಲಿ ನಿಲ್ಲಿಸಿ, ಕ್ಯಾಬಿನ್ನಿನಲ್ಲೇ ಮಲಗುವವರೂ ಅವರಲ್ಲಿದ್ದಾರೆ. ಅವರಿಗೆ ಲಾರಿಯ ಬೆಲೆ ಇಳಿಸಿಕೊಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಉಳಿದರ್ಧ ಹೆದ್ದಾರಿಯ ಡಾಬಾದಲ್ಲಿ, ಟ್ರಕ್ ಟರ್ಮಿನಲ್ಲಿನಲ್ಲಿ, ಎ.ಪಿ.ಎಂ.ಸಿ. ಅಂಗಳದಲ್ಲಿ ಎದ್ದು ನಿಲ್ಲಬೇಕಾದ ಲಾಯದ್ದು.

ಆ ಲಾಯವನ್ನು ಮಾಲೀಕನ ತಲೆಗೆ ಕಟ್ಟದೆ ವಿದ್ಯುತ್ ಕಂಪನಿಯೇ ಹೊರಬಹುದೆಂದು ಹಾರ್ಟ್‌ಫರ್ಡ್ ನೂರು ವರ್ಷಗಳ ಹಿಂದೆಯೇ ತೋರಿಸಿತ್ತು. ಅದನ್ನು ಮರೆತರೆ ವಿದ್ಯುತ್ ಲಾರಿ ಮತ್ತೊಮ್ಮೆ ಅಂಗಳವುಳ್ಳವರ ಸ್ವತ್ತಾಗಿಯೇ ಉಳಿದೀತು.