ಬದಲಿ ಸೂತ್ರಧಾರನ ಬೆಲೆ

ಫುಟ್‌ಬಾಲ್ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಕಾಲಿನಿಂದ ಒದೆಯುವ ದುಂಡು ಚೆಂಡು. ಅಮೆರಿಕದಲ್ಲಿ ಅದೇ ಹೆಸರು ಹೊತ್ತ ಆಟವೇ ಬೇರೆ. ಅಲ್ಲಿಯ ಚೆಂಡು ಎರಡು ಕೊನೆಗಳಲ್ಲೂ ಚೂಪಾದುದು. ಅದನ್ನು ಕಾಲಿಗಿಂತ ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ. ಒಂದೊಂದು ಪಕ್ಷಕ್ಕೆ 11 ಮಂದಿ. ಚೆಂಡನ್ನು ಪಡೆದ ಪಕ್ಷದವರು 4 ಪ್ರಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ 4 ಪ್ರಯತ್ನ ದೊರೆಯುತ್ತದೆ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಈ 11 ಮಂದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವನೊಬ್ಬನು. ಹೆಚ್ಚುಕಡಿಮೆ ಪ್ರತಿಯೊಂದು ಪ್ರಯತ್ನದಲ್ಲಿಯೂ ಚೆಂಡು ಮೊದಲು ಬರುವುದು ಅವನ ಕೈಗೆ. ಓಡುವವನಿಗೆ ಕೊಡಬೇಕೋ, ದೂರದಲ್ಲಿರುವವನಿಗೆ ಎಸೆಯಬೇಕೋ, ಎಸೆದರೆ ಯಾರಿಗೆ ಎಸೆಯಬೇಕು ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಆ ಹೊತ್ತಿಗೆ ಎದುರು ಪಕ್ಷದ ದೈತ್ಯಾಕಾರದ ಆಳುಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ನಾಟಕಕ್ಕೆ ಸೂತ್ರಧಾರನಿದ್ದಂತೆ ಈ ಆಟಕ್ಕೆ ಅವನು.

ಇಂಥವನು ಪೆಟ್ಟು ತಿಂದು ಬಿದ್ದರೆ ಗತಿಯೇನು? ಅವನ ಸ್ಥಾನಕ್ಕೆಂದು ಇನ್ನೊಬ್ಬನನ್ನು ಮೈದಾನದ ಅಂಚಿನಲ್ಲಿ ಕೂಡಿಸಿರುತ್ತಾರೆ. ಆ ಎರಡನೆಯವನು ಎಂಥವನಾಗಿರಬೇಕು ಎಂಬ ಪ್ರಶ್ನೆಗೆ ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಚರಿತ್ರೆಯಲ್ಲಿ ಬಲು ದುಬಾರಿಯಾದ ಉತ್ತರಗಳಿವೆ.

ಮೊದಲಿಗೆ ಈ ಪ್ರಶ್ನೆ ಇಷ್ಟು ದೊಡ್ಡದಾಗಿರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದೇ 1906ರಲ್ಲಿ. ಈಗ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರಾಗಿರುವ ಸಂಸ್ಥೆ 1920ರಲ್ಲಿ ಓಹೈಯೋ ಸಂಸ್ಥಾನದ ಕ್ಯಾಂಟನ್ ಎಂಬ ಊರಿನಲ್ಲಿ ಹುಟ್ಟಿತು. ಆಗ್ಗೆ ಆಡುವವರೇ ಮುನ್ನುಗ್ಗಲೂ ಬೇಕು, ತಡೆಯಲೂ ಬೇಕು. ಒಬ್ಬೊಬ್ಬನೂ ನಾಲ್ಕಾರು ಕೆಲಸ ಬಲ್ಲವನಾಗಿದ್ದನು. 1940ರ ಅಂತಿಮ ಪಂದ್ಯದಲ್ಲಿ ಚಿಕಾಗೋ ಬೇರ್ಸ್ ತಂಡದವರು ಕ್ವಾರ್ಟರ್‌ಬ್ಯಾಕನನ್ನೇ ನಡುಗಂಬವಾಗಿಸಿಕೊಂಡ ‘ಟಿ’ ವ್ಯೂಹದಿಂದ ವಾಷಿಂಗ್ಟನ್ ತಂಡವನ್ನು 73-0 ಅಂತರದಲ್ಲಿ ಸೋಲಿಸಿದರು. ಅಲ್ಲಿಂದಾಚೆಗೆ ಬೇರೆ ತಂಡಗಳೂ ಆ ದಾರಿ ಹಿಡಿದವು. 1950ರಲ್ಲಿ ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಲು ಅನುಮತಿ ದೊರೆತಮೇಲೆ ಒಬ್ಬನಿಗೆ ಒಂದೇ ಕೆಲಸ ಎಂಬ ಪದ್ಧತಿ ನೆಲೆಯೂರಿತು. ಸೂತ್ರಧಾರನ ಕೆಲಸವನ್ನು ಬಲ್ಲವನು ಮೈದಾನದಲ್ಲಿ ಅವನೊಬ್ಬನೇ ಎಂಬಂತಾಯಿತು.

ನಮ್ಮ ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರನೊಡನೆ ಈ ಬದಲಿಯವನನ್ನು ಹೋಲಿಸುವಂತಿಲ್ಲ. ಹನ್ನೆರಡನೆಯವನು ಸಾಮಾನ್ಯವಾಗಿ ಕ್ಷೇತ್ರರಕ್ಷಣೆಯಷ್ಟನ್ನು ಮಾಡಿ ಮರಳುತ್ತಾನೆ. ಇಲ್ಲಿಯವನಾದರೋ ಒಳಗೆ ಕಾಲಿಟ್ಟ ಕ್ಷಣದಿಂದ ಇಡೀ ಆಟವನ್ನೇ ಹೊರಬೇಕು. ಆದರೆ ಅದಕ್ಕೆ ತಕ್ಕ ಸಾಧನೆಗೆ ಅವನಿಗೆ ಎಡೆಯೆಲ್ಲಿ? ವಾರದ ಅಭ್ಯಾಸದಲ್ಲಿ ಸಿಂಹಪಾಲು ಮೊದಲನೆಯವನಿಗೆ ಸಲ್ಲುತ್ತದೆ. ಮುಂದಿನ ಪಂದ್ಯ ಗೆಲ್ಲಬೇಕಾದವನು ಅವನು ತಾನೆ! ಎರಡನೆಯವನು ನೋಡಿ ಕಲಿಯಬೇಕು. ದಡದಲ್ಲಿ ಕುಳಿತು ನೋಡಿ ಈಜು ಕಲಿತವರುಂಟೆ? ಆದುದರಿಂದ ಅನುಭವವಿಲ್ಲದವನೊಬ್ಬನನ್ನು ಈ ಸ್ಥಾನಕ್ಕೆ ತಂದು ಕೂಡಿಸಿದರೆ, ಆ ಸ್ಥಾನವೇ ಅವನಿಗೆ ಅನುಭವ ಕೊಡುವುದಿಲ್ಲ. ಬಂದಾಗ ಹೇಗಿದ್ದನೋ ಬಹುಮಟ್ಟಿಗೆ ಹಾಗೆಯೇ ಅವನು ಯುದ್ಧದ ದಿನವನ್ನು ಎದುರಿಸಬೇಕಾಗುತ್ತದೆ.

1965ರ ಡಿಸೆಂಬರ್ ತಿಂಗಳನ್ನು ನೋಡೋಣ. ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಸೂತ್ರಧಾರ ಜಾನಿ ಯುನೈಟಾಸ್ ಮೊಣಕಾಲಿನ ಪೆಟ್ಟಿನಿಂದ ಕುಳಿತನು. ಅವನ ಬದಲಿ ಗ್ಯಾರಿ ಕ್ವೋಜೊ ಭುಜದ ಪೆಟ್ಟಿನಿಂದ ಹೊರಬಿದ್ದನು. ಉಳಿದವನು ಚೆಂಡು ಹಿಡಿದು ಓಡುವ ಕೆಲಸದ ಟಾಮ್ ಮ್ಯಾಟೆ. ಕಾಲೇಜಿನ ದಿನಗಳಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದುದೇ ಅವನ ಬಂಡವಾಳ. ಆಡಬೇಕಾದ ತಂತ್ರಗಳನ್ನು ಚೀಟಿಯಲ್ಲಿ ಬರೆದು ಅವನ ಮಣಿಕಟ್ಟಿಗೆ ಕಟ್ಟಿ ಕಳುಹಿಸಿದರು. ಡಿಸೆಂಬರ್ 26ರಂದು ಗ್ರೀನ್ ಬೇ ಪ್ಯಾಕರ್ಸ್ ತಂಡದ ಮೇಲೆ ನಡೆದ ನಿರ್ಣಾಯಕ ಪಂದ್ಯದಲ್ಲಿ ವಿಧಿ ಇನ್ನೊಂದು ಆಟ ಹೂಡಿತು. ಮೊದಲ ಪ್ರಯತ್ನದಲ್ಲೇ ಪ್ಯಾಕರ್ಸ್ ಸೂತ್ರಧಾರ ಬಾರ್ಟ್ ಸ್ಟಾರನೂ ಗಾಯಗೊಂಡನು. ಆದರೆ ಅವರ ಬದಲಿಯಾಗಿದ್ದವನು ಹತ್ತಾರು ಪಂದ್ಯಗಳನ್ನು ಆಡಿ ಪಳಗಿದ ಜೀಕ್ ಬ್ರಾಟ್‌ಕೌಸ್ಕಿ. ಮ್ಯಾಟೆ ಎದೆಗೆಡದೆ ಆಡಿದನು. ಪಂದ್ಯ ಸಮವಾಗಿ ಹೆಚ್ಚಿನ ಅವಧಿಗೆ ಹೋಯಿತು. ಕೊನೆಗೆ ಪ್ಯಾಕರ್ಸ್ 13-10ರಿಂದ ಗೆದ್ದರು. ಪ್ಯಾಕರ್ಸ್ ಒದ್ದು ಪಡೆದ ಒಂದು 3 ಅಂಕ ನ್ಯಾಯವೇ ಎಂಬ ವಿವಾದ ಇಂದಿಗೂ ಮುಗಿದಿಲ್ಲ. ಮ್ಯಾಟೆಯ ಮಣಿಕಟ್ಟಿನ ಪಟ್ಟಿ ಕ್ಯಾಂಟನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅವನ ಧೈರ್ಯಕ್ಕೆ ಸಂದ ಗೌರವ ಅದು; ಆದರೆ ಗೆಲವು ಸಂದದ್ದು ಹಳಬನನ್ನು ಸಾಕಿಕೊಂಡಿದ್ದ ತಂಡಕ್ಕೆ.

ಈ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡವನು ಕೋಲ್ಟ್ಸ್ ತಂಡದ ಅಂದಿನ ತರಬೇತುದಾರ ಡಾನ್ ಶೂಲ ಎಂದು ಊಹಿಸಲು ಮುಂದಿನ ಘಟನೆಗಳು ಅವಕಾಶ ಕೊಡುತ್ತವೆ. 1968ರಲ್ಲಿ ಅವನ ಬಳಿ ಅರ್ಲ್ ಮೊರಾಲ್ ಎಂಬ ಅನುಭವಿ ಇದ್ದನು. ಯುನೈಟಾಸನ ಮೊಣಕೈ ಕೈಕೊಟ್ಟಾಗ ಮೊರಾಲ್ ತಂಡವನ್ನು 14 ಪಂದ್ಯಗಳಲ್ಲಿ 13ರ ಗೆಲವಿಗೆ ನಡೆಸಿ, ಆ ವರ್ಷದ ಅತ್ಯುತ್ತಮ ಆಟಗಾರನೆನಿಸಿಕೊಂಡನು. ಅನುಭವಿಯಾದರೆ ಸೋಲೇ ಇಲ್ಲ ಎಂದಲ್ಲ. 1969ರ ಜನವರಿಯ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಅವನ 3 ಎಸೆತಗಳು ಎದುರಾಳಿಗಳ ಕೈಸೇರಿ, ನ್ಯೂಯಾರ್ಕ್ ಜೆಟ್ಸ್ ತಂಡದೆದುರು ಕೋಲ್ಟ್ಸ್ 16-7ರಿಂದ ಸೋತಿತು.

ಆದರೂ ಶೂಲ ಅವನನ್ನು ಮರೆಯಲಿಲ್ಲ. ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಹೋದಮೇಲೆ, 1972ರಲ್ಲಿ ಕೋಲ್ಟ್ಸ್ ತಂಡ ಬಿಟ್ಟುಕೊಟ್ಟಿದ್ದ 38 ವರ್ಷದ ಮೊರಾಲನನ್ನು ಕೇವಲ 100 ಡಾಲರಿಗೆ ಪಡೆದನು. ಆ ವರ್ಷದ ಐದನೆಯ ಪಂದ್ಯದಲ್ಲಿ, ಅಕ್ಟೋಬರ್ 15ರಂದು, ಡಾಲ್ಫಿನ್ಸ್ ಸೂತ್ರಧಾರ ಬಾಬ್ ಗ್ರೀಸೀ ಕಾಲು ಮುರಿದುಕೊಂಡನು. ಮೊರಾಲ್ ಎದ್ದು ಹೋಗಿ ಆ ಪಂದ್ಯವನ್ನೂ ಉಳಿದ 9 ಪಂದ್ಯಗಳನ್ನೂ ಗೆಲ್ಲಿಸಿಕೊಟ್ಟನು. ಗ್ರೀಸೀ ಚೇತರಿಸಿಕೊಂಡು ಬಂದು ಕೊನೆಯ ಮೆಟ್ಟಿಲನ್ನು ಹತ್ತಿಸಿದನು. 1973ರ ಜನವರಿಯಲ್ಲಿ ಅಂತಿಮ ಪಂದ್ಯವನ್ನು 14-7ರಿಂದ ಗೆದ್ದಾಗ ಡಾಲ್ಫಿನ್ಸ್ 17ಕ್ಕೆ 17 ಪಂದ್ಯ ಗೆದ್ದಂತಾಯಿತು. ಒಂದೂ ಸೋಲಿಲ್ಲದೆ, ಒಂದೂ ಸಮವಾಗದೆ ಸೂಪರ್ ಬೌಲ್ ಗೆದ್ದ ಇನ್ನೊಂದು ತಂಡ ಇದುವರೆಗೆ ಹುಟ್ಟಿಲ್ಲ. ಅದರ ಬುಡದಲ್ಲಿದ್ದುದು 100 ಡಾಲರಿನ ಒಬ್ಬ ಹಳೆಯ ಆಸಾಮಿ.

ಇಲ್ಲಿ ಎದುರು ಪಕ್ಷದ ವಾದವನ್ನೂ ಕೇಳಬೇಕು. ಹೊಸಬರೂ ಗೆದ್ದಿಲ್ಲವೆ? ಗೆದ್ದಿದ್ದಾರೆ. 1999ರಲ್ಲಿ ಸೇಂಟ್ ಲೂಯಿಸ್ ರಾಮ್ಸ್ ತಂಡದ ಟ್ರೆಂಟ್ ಗ್ರೀನ್ ಗಾಯಗೊಂಡಾಗ ಮುಂದೆ ಬಂದ ಕರ್ಟ್ ವಾರ್ನರ್ ಅದೇ ಹಂಗಾಮಿನಲ್ಲಿ ಸೂಪರ್ ಬೌಲ್ ಗೆದ್ದನು. 2001ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಡ್ರೂ ಬ್ಲೆಡ್ಸೋ ಬಿದ್ದಾಗ ಎದ್ದವನು, ಆಯ್ಕೆಯಲ್ಲಿ 199ನೆಯವನಾಗಿ ಬಂದಿದ್ದ ಟಾಮ್ ಬ್ರೇಡಿ. ಅವನ ಮುಂದಿನ ಕೀರ್ತಿ ಜಗದ್ವಿದಿತ. ಆದರೆ ಸ್ವಲ್ಪ ಒಳಹೊಕ್ಕು ನೋಡಬೇಕು. ವಾರ್ನರ್ ಒಮ್ಮೆ ತಿರಸ್ಕೃತನಾಗಿ ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದವನೆಂಬುದು ನಿಜ. ಆಮೇಲೆ ಅವನು ಒಳಾಂಗಣ ಫುಟ್‌ಬಾಲಿನಲ್ಲಿ ಮೂರು ವರ್ಷ, ಯೂರೋಪಿನ ಆಮ್‌ಸ್ಟರ್‌ಡ್ಯಾಮ್ ತಂಡದಲ್ಲಿ ಒಂದು ಹಂಗಾಮು ಆಡಿ ಪಳಗಿದ್ದನು. ಹೆಸರು ಹೊಸದು, ಕೈ ಹಳೆಯದು. ಬ್ರೇಡಿಗಾದರೋ ಒಂದು ವರ್ಷದ ಸದ್ದಿಲ್ಲದ ಕಲಿಕೆ ದೊರೆತಿತ್ತು. ಅಷ್ಟಾಗಿಯೂ 2002ರ ಜನವರಿಯಲ್ಲಿ ಸೂಪರ್ ಬೌಲಿನ ಹಿಂದಿನ ಪಂದ್ಯದಲ್ಲಿ ಅವನ ಕಾಲು ಉಳುಕಿದಾಗ, ಒಳಗೆ ಬಂದು ಪಂದ್ಯವನ್ನು ಉಳಿಸಿದವನು ಅದೇ ಹಳಬ ಬ್ಲೆಡ್ಸೋ!

1994ರಿಂದ ಒಂದೊಂದು ತಂಡವೂ ಆಟಗಾರರ ಸಂಬಳಕ್ಕೆ ಇಷ್ಟೇ ವೆಚ್ಚ ಮಾಡಬಹುದೆಂಬ ಮಿತಿ ಬಂದಿದೆ. ಮೊದಲನೆಯವನಿಗೇ ಬಹುದೊಡ್ಡ ಸಂಬಳ ಸುರಿದಮೇಲೆ ಎರಡನೆಯ ಸ್ಥಾನಕ್ಕೆ ಅಗ್ಗದ ಹುಡುಗನೊಬ್ಬ ಸಾಕೆಂಬ ಆಸೆ ಸಹಜ. ನೆಟ್ಟಗಿರುವ ಮನೆಗೆ ತೊಲೆ ಏಕೆ ಎಂಬ ಲೆಕ್ಕಾಚಾರ ಇದು.

ಇಂಡಿಯಾನಾಪೊಲಿಸ್‌ಗೆ ನೆಲೆ ಬದಲಿಸಿದ್ದ ಅದೇ ಕೋಲ್ಟ್ಸ್ ತಂಡ ಈ ಲೆಕ್ಕಕ್ಕೆ ತೆತ್ತ ಬೆಲೆಯನ್ನು ನೋಡಿ. ಅಲ್ಲಿಯ ಪೇಟನ್ ಮ್ಯಾನಿಂಗ್ 1998ರಿಂದ ಒಂದು ಪಂದ್ಯವನ್ನೂ ತಪ್ಪಿಸದೆ 208 ಪಂದ್ಯಗಳನ್ನು ಆರಂಭಿಸಿದ್ದನು. 2009ರಲ್ಲಿ ಆಯ್ಕೆಯಾದ ಕರ್ಟಿಸ್ ಪೇಂಟರ್ ಎಂಬ ಹುಡುಗ ಅವನಿಗೆ ಬದಲಿ. ಆ ವರ್ಷ ಮೊದಲ 14 ಪಂದ್ಯಗಳನ್ನೂ ಗೆದ್ದಿದ್ದ ತಂಡ ಡಿಸೆಂಬರ್ 27ರಂದು 15-10ರ ಮುನ್ನಡೆಯಲ್ಲಿದ್ದಾಗ ಮ್ಯಾನಿಂಗನಿಗೆ ವಿಶ್ರಾಂತಿ ಕೊಟ್ಟು ಪೇಂಟರನನ್ನು ಇಳಿಸಿತು. ಪಂದ್ಯ 29-15ರಿಂದ ಕೈತಪ್ಪಿತು. ಎಚ್ಚರಿಕೆಯ ಗಂಟೆ ಬಾರಿಸಿದ್ದು ಅಂದೇ. ಆದರೂ 2011ರಲ್ಲಿ ಮ್ಯಾನಿಂಗನ ಕುತ್ತಿಗೆಯ ಶಸ್ತ್ರಚಿಕಿತ್ಸೆ ಅವನನ್ನು ಇಡೀ ವರ್ಷ ಮನೆಯಲ್ಲಿ ಕೂಡಿಸಿದಾಗ ಬದಲಿಯ ಸ್ಥಾನದಲ್ಲಿ ಅದೇ ಪೇಂಟರ್ ಇದ್ದನು. ಆಗಸ್ಟ್ ಕೊನೆಯಲ್ಲಿ ತಂಡದವರು ಗಾಬರಿಬಿದ್ದು, ನಿವೃತ್ತನಾಗಿದ್ದ 38 ವರ್ಷದ ಕೆರಿ ಕಾಲಿನ್ಸನನ್ನು ಕರೆತಂದರು. ಅವನಿಗೆ ಅನುಭವವಿತ್ತು, ಆ ತಂಡದ ಪರಿಚಯವಿರಲಿಲ್ಲ, ಕಲಿಯಲು ಮೂರು ವಾರ ಕಾಲವೂ ಇರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದ ಕಥೆಯಾಯಿತು. 3 ಪಂದ್ಯಗಳಲ್ಲಿ ಸೋತು, ತಲೆಗೆ ಪೆಟ್ಟಾಗಿ ಅವನು ಸರಿದನು. ಬಳಿಕ ಪೇಂಟರ್ ಆರಂಭಿಸಿದ 8 ಪಂದ್ಯಗಳೂ ಸೋಲು. ಅವುಗಳಲ್ಲೊಂದು ನ್ಯೂ ಓರ್ಲಿಯನ್ಸಿನಲ್ಲಿ 62-7ರ ಅಂತರದ್ದು. ವರ್ಷದ ಕೊನೆಗೆ 2 ಗೆಲವು, 14 ಸೋಲು. ತರಬೇತುದಾರನೂ ತಂಡದ ಹಿರಿಯ ಆಡಳಿತಗಾರನೂ ಕೆಲಸ ಕಳೆದುಕೊಂಡರು. 2012ರ ಮಾರ್ಚಿಯಲ್ಲಿ ತಂಡ ಮ್ಯಾನಿಂಗನನ್ನೇ ಬಿಟ್ಟುಕೊಟ್ಟಿತು.

ಇದಕ್ಕಿಂತ ಮನಕರಗಿಸುವುದು ಕಾನರ್ ಕುಕ್ ಎಂಬ ತರುಣನ ಪ್ರಸಂಗ. 2016ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ತಂಡ 12 ಪಂದ್ಯ ಗೆದ್ದು, ಬಹುಕಾಲದ ಮೇಲೆ ನಿರ್ಣಾಯಕ ಸುತ್ತಿಗೆ ಏರಿತ್ತು. ಡಿಸೆಂಬರ್ 24ರಂದು ಸೂತ್ರಧಾರ ಡೆರೆಕ್ ಕಾರ್ ಕಾಲು ಮುರಿದುಕೊಂಡನು. ಮರುವಾರ ಬದಲಿ ಮ್ಯಾಟ್ ಮೆಗ್ಲಾಯ್ನನ ಭುಜಕ್ಕೆ ಪೆಟ್ಟಾಯಿತು. ಆ ವರ್ಷವಷ್ಟೇ ತಂಡಕ್ಕೆ ಬಂದು ಮೂರನೆಯವನಾಗಿ ಕುಳಿತಿದ್ದ ಕುಕ್, 2017ರ ಜನವರಿ 7ರಂದು ಹ್ಯೂಸ್ಟನ್ನಿನಲ್ಲಿ ಜೀವನದ ಮೊದಲ ಆರಂಭವನ್ನು ನಿರ್ಣಾಯಕ ಪಂದ್ಯದಲ್ಲೇ ಮಾಡಬೇಕಾಯಿತು. ಸೂಪರ್ ಬೌಲ್ ಆರಂಭವಾದಂದಿನಿಂದ ಅಂಥ ಸ್ಥಿತಿ ಯಾರಿಗೂ ಒದಗಿರಲಿಲ್ಲ. ಅವನ 45 ಎಸೆತಗಳಲ್ಲಿ ಗುರಿ ಸೇರಿದುವು 18. ವೈರಿಗಳ ಕೈಗೆ ಬಿದ್ದುವು 3. ರೈಡರ್ಸ್ 27-14ರಿಂದ ಸೋತರು. ಮುಂದೆ ಆ ಲೀಗಿನ ಸಾಮಾನ್ಯ ಪಂದ್ಯವೊಂದರಲ್ಲೂ ಕುಕ್ ಕಣಕ್ಕಿಳಿಯಲಿಲ್ಲ.

ಜನರು ಇಂಥ ಹುಡುಗರನ್ನು ಕೈಲಾಗದವರೆಂದು ಆಡಿಕೊಳ್ಳುವುದು ಸುಲಭ. ನಮ್ಮ ಭಾರತಕಥೆಯನ್ನು ಬಲ್ಲವರು ಹಾಗೆ ಆಡಲಾರರು. ಅರ್ಜುನನು ದೂರದಲ್ಲಿದ್ದ ದಿನ ಚಕ್ರವ್ಯೂಹವನ್ನು ಒಡೆಯಲು ಅಭಿಮನ್ಯುವನ್ನು ಕಳುಹಿಸಿದರು. ಹೊಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ ಎಂದು ಆ ಬಾಲಕ ಮೊದಲೇ ಹೇಳಿದ್ದನು. ಹಿಂದೆಯೇ ಬರುತ್ತೇವೆಂದ ಹಿರಿಯರಿಗೆ ಬರಲಾಗಲಿಲ್ಲ. ಅಲ್ಲಿ ಯಾರೂ ಅಭಿಮನ್ಯುವನ್ನು ಹಳಿಯುವುದಿಲ್ಲ. ಆಟದ ಕಣದಲ್ಲಿ ಪ್ರಾಣಹಾನಿಯ ಮಾತಿಲ್ಲದಿರಬಹುದು; ಆದರೆ ಒಬ್ಬ ತರುಣನ ಬಾಳಿನ ಅವಕಾಶ ಒಂದು ಮಧ್ಯಾಹ್ನದಲ್ಲಿ ತೀರಿಹೋಗುವುದೂ ಸಣ್ಣ ಮಾತಲ್ಲ. ಕಲಿಸದೆ ಕಳುಹಿಸಿದವರ ತಪ್ಪಿಗೆ ಹೋದವನು ದಂಡ ತೆತ್ತಂತಾಗುತ್ತದೆ.

2023ರ ಜನವರಿಯಲ್ಲಿ ಸಾನ್ ಫ್ರಾನ್ಸಿಸ್ಕೊ ತಂಡದ ಇಬ್ಬರೂ ಕ್ವಾರ್ಟರ್‌ಬ್ಯಾಕುಗಳು ಒಂದೇ ಪಂದ್ಯದಲ್ಲಿ ಗಾಯಗೊಂಡರು. ಎಸೆಯಲು ಕೈಯೇ ಏಳದವನನ್ನು ಮತ್ತೆ ಕಣಕ್ಕೆ ಕರೆಯಬೇಕಾಯಿತು. ಅದೇ ವರ್ಷ ಲೀಗಿನವರು ಆಪತ್ಕಾಲಕ್ಕೆ ಮೂರನೆಯವನನ್ನೂ ಸಿದ್ಧವಾಗಿಡಬಹುದೆಂದು ನಿಯಮ ಮಾಡಿದರು. ಒಳ್ಳೆಯದೇ. ಆದರೆ ನಿಯಮ ಕೊಡುವುದು ಸ್ಥಾನವನ್ನು. ಆ ಸ್ಥಾನದಲ್ಲಿ ಕೂರುವವನಿಗೆ ಪಳಗಿದ ಕೈಯನ್ನು ಅದು ಕೊಡಲಾರದು. ಮೊರಾಲನಲ್ಲಿ ಅನುಭವವೂ ಇತ್ತು, ತರಬೇತುದಾರನ ರೀತಿನೀತಿಯ ಪರಿಚಯವೂ ಇತ್ತು. ಕಾಲಿನ್ಸನಲ್ಲಿ ಮೊದಲನೆಯದು ಮಾತ್ರ ಇತ್ತು. ಕುಕ್ಕನಿಗೆ ಎರಡನ್ನೂ ಗಳಿಸಲು ಯಾರೂ ಕಾಲಾವಕಾಶ ಕೊಡಲಿಲ್ಲ. ಹೊಸಬನನ್ನು ತರುವುದು ತಪ್ಪಲ್ಲ. ಹಳಬನೊಬ್ಬನ ನೆರಳಿನಲ್ಲಿ ಅವನು ಕೆಲಕಾಲ ಬೆಳೆಯಲೆಂದು ತರಬೇಕು. ಹಳಬನನ್ನು ಕಳೆದು, ಆ ಜಾಗವನ್ನು ಅಗ್ಗವಾಗಿ ತುಂಬಿದೆವೆಂದು ಹಿಗ್ಗುವ ತಂಡಕ್ಕೆ ಗ್ರಹಚಾರ ಒಳ್ಳೆಯದಿದ್ದಷ್ಟು ದಿನ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಬಾಕಿಯನ್ನು ಕೇಳಿಕೊಂಡು ಬರುವುದು ಮೊದಲನೆಯವನು ನೆಲಕ್ಕೆ ಬಿದ್ದು ಏಳದ ದಿನ.